ಒಳಮೈಯ ಚುಕ್ಕೆಗಳು

ಏಳೋ, ಎಂಟೋ. ನನಗೆ ತಿಳಿಯಬೇಕಾಗಿದ್ದದ್ದು ಅಷ್ಟೇ. ಎಂಟಾದರೆ ನಮ್ಮಪ್ಪ ಹೇಳಿದ್ದು ನಿಜ. ಏಳಾದರೆ ಅವರು ಸುಳ್ಳು ಬರೆದಿದ್ದರು, ಮತ್ತು ಆ ಸುಳ್ಳಿಗೆ ಇಬ್ಬರು ಸತ್ತಿದ್ದರು.

ಹಳೆಯ ರೈಲುಹಳಿಗಳ ಬಿಡಿಭಾಗಗಳ ಮೂಲ ಹುಡುಕುವುದು ನನ್ನ ಕೆಲಸ. ಮುಚ್ಚಿಹೋದ ಲೈನೊಂದರ ಮೂರು ಮೈಲಿಯನ್ನು ಉಳಿಸಿಕೊಂಡು ಭಾನುವಾರಗಳಂದು ಉಗಿಬಂಡಿ ಓಡಿಸುವ ಒಂದು ಸಂಘವಿದೆ. ಅದರ ಗೋದಾಮಿನ ಮೂಲೆಯಲ್ಲಿ, ಕಿಟಕಿಯ ಪಕ್ಕ, ನನಗೊಂದು ಮೇಜು ಕೊಟ್ಟಿದ್ದಾರೆ. ತಂತಿಬ್ರಷ್ಷು, ಸೀಮೆಎಣ್ಣೆ, ತೆಳುಕಾಗದ, ಮೆತ್ತನೆಯ ಪೆನ್ಸಿಲ್ಲು, ಭೂತಗನ್ನಡಿ. ಅಲ್ಲಿ ಇಲ್ಲಿ ಕಿತ್ತ ಲೈನುಗಳಿಂದ ಲಾರಿಯಲ್ಲಿ ಕಬ್ಬಿಣ ಬಂದು ಬೀಳುತ್ತದೆ. ನಾನು ಉಜ್ಜುತ್ತೇನೆ. ತುಕ್ಕಿನ ಕೆಳಗಿನಿಂದ ಉಬ್ಬಿದ ಅಕ್ಷರ ಮೇಲೆ ಬರುತ್ತದೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ಲು ಆಡಿಸಿ ಅಚ್ಚು ತೆಗೆದು, ಯಾವ ಕಾರ್ಖಾನೆಯಲ್ಲಿ ಯಾವ ವರ್ಷ ಹುಟ್ಟಿತು, ಎಲ್ಲೆಲ್ಲಿ ದುಡಿಯಿತು ಎಂದು ಕಾರ್ಡಿನಲ್ಲಿ ಬರೆಯುತ್ತೇನೆ. ಹಳಿಯನ್ನು ಹಿಡಿದು ಕೂರುವ ಎರಕದ ಕುರ್ಚಿಗಳಲ್ಲಿ ಒಂದು ಗಣಿಯದು, ಅದರ ಪಕ್ಕದ್ದು ಬಂದರಿನದು, ಮೂರನೆಯದು ಯುದ್ಧಕ್ಕೆಂದು ಹಾಕಿ ಯುದ್ಧ ಮುಗಿದ ಮೇಲೆ ಕಿತ್ತ ಲೈನಿನದು. ನಮ್ಮ ಮೂರು ಮೈಲಿ ಒಂದು ಲೈನೇ ಅಲ್ಲ, ಹತ್ತು ಊರಿನವರು ಸೇರಿದ ಸಂತೆ.

"ನದಿ ಮೂಲ, ಋಷಿ ಮೂಲ ಕೇಳಬಾರದು ಅಂತಾರೆ," ಎಂದು ಚಿಕ್ಕಪ್ಪ ಗೇಲಿ ಮಾಡುತ್ತಿದ್ದ. "ನೀನು ಕಬ್ಬಿಣದ ಮೂಲ ಕೇಳ್ತಾ ಕೂತಿದೀಯಲ್ಲಮ್ಮ. ಅದೇನು ಹೆಣ್ಣು ಕೊಡಬೇಕಾ ಅದಕ್ಕೆ?"

ಚಿಕ್ಕಪ್ಪ ಎಂದರೆ ಅಪ್ಪನ ಒಡಹುಟ್ಟಿದವನಲ್ಲ. ಹಳಿ ನೋಡಿಕೊಳ್ಳಲು ಅಪ್ಪ ಮೇಸ್ತ್ರಿಯಾಗಿದ್ದ ಗ್ಯಾಂಗಿನಲ್ಲಿ ಅವನು ಕೀಮನ್ ಆಗಿದ್ದ. ಪ್ರತಿದಿನ ಸೆಕ್ಷನ್ನಿನ ಉದ್ದಕ್ಕೂ ನಡೆದು ಸಡಿಲವಾದ ಬೆಣೆ ಬೋಲ್ಟು ಬಿಗಿಯುವವನು. ಅಪ್ಪನ ಜೊತೆ ಸೇರಿದಾಗ ಅವನಿಗೆ ಇಪ್ಪತ್ತು. ಈಗ ಅರವತ್ತೆಂಟು, ಎರಡೂ ಮಂಡಿ ಮಾತು ಕೇಳುವುದಿಲ್ಲ. ಆದರೂ ಸಂಘ ಶುರುವಾದಾಗಿನಿಂದ, ಆರು ವರ್ಷ, ಒಂದು ಶನಿವಾರವೂ ತಪ್ಪಿಸದೆ ಬಂದು ಮೂರು ಮೈಲಿಯನ್ನೂ ನಡೆದು ನೋಡಿಹೋಗುತ್ತಾನೆ. ಹಳೆಯ ಚಾಳಿ ಎಂದು ನಾವೆಲ್ಲ ನಗುತ್ತಿದ್ದೆವು.

ಇನ್ನು ಚುಕ್ಕೆಗಳ ವಿಷಯ. ಎರಡು ಹಳಿಗಳ ತುದಿ ಸೇರುವಲ್ಲಿ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಪಟ್ಟಿ ಇಟ್ಟು ನಾಲ್ಕು ಬೋಲ್ಟು ಹಾಕಿ ಬಿಗಿಯುತ್ತಾರೆ. ಫಿಶ್‌ಪ್ಲೇಟು ಎಂದು ಹೆಸರು, ಮೀನಿಗೂ ಅದಕ್ಕೂ ಯಾವ ಹೋಲಿಕೆಯೂ ನನಗೆ ಈವರೆಗೆ ಕಂಡಿಲ್ಲ. ವರ್ಷಕ್ಕೊಮ್ಮೆ ಒಣದಿನಗಳಲ್ಲಿ ಪ್ರತಿಯೊಂದು ಪ್ಲೇಟನ್ನೂ ಬಿಚ್ಚಿ, ಒರೆಸಿ, ಬಿರುಕಿದೆಯೇ ನೋಡಿ, ಗ್ರೀಸು ಬಳಿದು ಮತ್ತೆ ಕೂರಿಸಬೇಕು. ಬೆನ್ನು ಮುರಿಯುವ ಕೆಲಸ, ಜೊತೆಗೆ ಬೇಸರದ್ದು. ಬಿಚ್ಚದೆ ಹೊರಗಿನಿಂದಲೇ ಒಂದಿಷ್ಟು ಗ್ರೀಸು ಸವರಿ, ಪುಸ್ತಕದಲ್ಲಿ 'ಬಿಚ್ಚಿದೆ' ಎಂದು ಬರೆದು ಮುಂದೆ ಹೋಗುವ ಗ್ಯಾಂಗುಗಳಿದ್ದವು. ಅಪ್ಪನ ಗ್ಯಾಂಗಿನಲ್ಲಿ ಅದು ನಡೆಯದಂತೆ ಅಪ್ಪ ಒಂದು ಪದ್ಧತಿ ಮಾಡಿದ್ದರು. ಪ್ಲೇಟು ಕೈಗೆ ಬಂದ ಕೂಡಲೇ ಅದರ ಒಳಮೈಯಲ್ಲಿ, ನಡುವಿನ ಎರಡು ತೂತುಗಳ ಮಧ್ಯೆ ಇರುವ ಖಾಲಿ ಜಾಗದಲ್ಲಿ, ಪಂಚ್ ಎಂಬ ಚೂಪು ಉಳಿ ಇಟ್ಟು ಸುತ್ತಿಗೆಯಿಂದ ಒಂದೇ ಏಟು. ಒಂದು ಚುಕ್ಕೆ. ಮರುವರ್ಷ ಅದರ ಮೇಲ್ಗಡೆ, ಅದೇ ಸಾಲಿನಲ್ಲಿ, ಇನ್ನೊಂದು. ಹೊರಮೈಗೆ ಯಾರು ಬೇಕಾದರೂ ನಡೆಯುತ್ತಲೇ ಹೊಡೆಯಬಹುದು, ಒಳಮೈಗೆ ಹೊಡೆಯಬೇಕಾದರೆ ಬಿಚ್ಚಲೇಬೇಕು. ಅಪ್ಪನ ಹೆಮ್ಮೆ ಅದು. ಆರು ಮೈಲಿಯ ಸೆಕ್ಷನ್ನಿನಲ್ಲಿ ಅವರ ಚುಕ್ಕೆ ಇಲ್ಲದ ಪ್ಲೇಟು ಇರಲಿಲ್ಲ.

ಗೋದಾಮಿಗೆ ಬರುವ ರಾಶಿಯಲ್ಲಿ ಚುಕ್ಕೆಯಿರುವ ಪ್ಲೇಟು ಸಿಕ್ಕರೆ ನಾನು ಕಾರ್ಡಿನ ಮೂಲೆಯಲ್ಲಿ ನೀಲಿ ಗೆರೆ ಎಳೆದು, 'ಅಪ್ಪನ ಸೆಕ್ಷನ್' ಎಂದು ಬರೆದು, ಡಬ್ಬಿಗಳನ್ನು ನಿಲ್ಲಿಸುವ ಸೈಡಿಂಗಿಗಲ್ಲ, ಬಂಡಿ ಓಡುವ ಮೇನ್ ಲೈನಿಗೇ ಹಾಕಿ ಎಂದು ಕಳಿಸುತ್ತಿದ್ದೆ. ಅಷ್ಟು ಜೋಪಾನ ಮಾಡಿದ ಉಕ್ಕು ಬೇರೆಲ್ಲಿ ಸಿಗಬೇಕು?

ಎಪ್ಪತ್ತರ ಮಳೆಗಾಲದಲ್ಲಿ, ನನಗೆ ಒಂಬತ್ತು ವರ್ಷ, ಅಪ್ಪನ ಸೆಕ್ಷನ್ನಿನ ತಿರುವಿನಲ್ಲಿ ಒಂದು ಪ್ಲೇಟು ಎರಡು ತುಂಡಾಗಿ ಬಂಡಿ ಹಳಿ ತಪ್ಪಿತು. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ನೂ ಮೊದಲ ಬೋಗಿಯಲ್ಲಿದ್ದ ಒಬ್ಬ ಹೆಂಗಸೂ ಸತ್ತರು. ಮುರಿದ ಅಂಚಿನ ಮುಕ್ಕಾಲು ಭಾಗ ತುಕ್ಕು ಹಿಡಿದಿತ್ತು, ಅಂದರೆ ಬಿರುಕು ಹಳೆಯದು. ನಾಲ್ಕು ತಿಂಗಳ ಹಿಂದೆ ಪ್ಲೇಟು ಬಿಚ್ಚಿದ್ದರೆ ಕಣ್ಣಿಗೆ ಬೀಳಲೇಬೇಕಿತ್ತು. ಮೇಸ್ತ್ರಿ ಬಿಚ್ಚದೆಯೇ ಬಿಚ್ಚಿದೆನೆಂದು ಬರೆದಿದ್ದಾನೆ. ವಿಚಾರಣೆಯ ವರದಿ ಇಷ್ಟು ಹೇಳಿ ಮುಗಿಸಿತು. ಅಪ್ಪನ ಕೆಲಸ ಹೋಯಿತು. ನಾವಿದ್ದ ಸಾಲುಮನೆಗಳಲ್ಲೇ ಫೈರ್‌ಮನ್ನಿನ ಹೆಂಡತಿಯೂ ಇದ್ದಳು. ಮನೆ ಖಾಲಿ ಮಾಡುವವರೆಗಿನ ಮೂರು ತಿಂಗಳು ಅಮ್ಮ ನೀರಿಗೆ ದೂರದ ನಲ್ಲಿಗೆ ಹೋದರು.

ಚುಕ್ಕೆಗಳ ಮಾತನ್ನು ಅಪ್ಪ ವಿಚಾರಣೆಯಲ್ಲಿ ಎತ್ತಲೇ ಇಲ್ಲ. ಪ್ಲೇಟಿಗೆ ಗುರುತು ಹೊಡೆಯುವುದು ನಿಯಮಕ್ಕೆ ವಿರುದ್ಧ, ಅದಕ್ಕೇ ಹೆದರಿ ಬಾಯಿ ಕಟ್ಟಿಕೊಂಡರು ಎಂದು ಅಮ್ಮ ಹೇಳುತ್ತಿದ್ದರು. ಆಮೇಲೆ ಇಪ್ಪತ್ತೇಳು ವರ್ಷ ಬದುಕಿದರು. ಮರದ ಅಡ್ಡೆಯೊಂದರಲ್ಲಿ ಹಲಗೆ ಅಳೆಯುವ ಕೆಲಸ ಮಾಡಿದರು. ಆ ಪ್ಲೇಟಿನ ಬಗ್ಗೆ ಯಾರಾದರೂ ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ಈಗ ಸಂಘದವರು ನಿಲ್ದಾಣದ ಹಳೆಯ ಪಾರ್ಸೆಲ್ ಕೋಣೆಯಲ್ಲಿ ಒಂದು ಪ್ರದರ್ಶನ ಮಾಡುತ್ತಿದ್ದರು. ಅದರಲ್ಲಿ ಅಪಘಾತದ ಬಗ್ಗೆಯೂ ಒಂದು ಫಲಕ. ಸಂಘದ ಕಾರ್ಯದರ್ಶಿ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರು ಬರೆದ ಕರಡಿನಲ್ಲಿ 'ಮೇಸ್ತ್ರಿಯ ಕರ್ತವ್ಯಲೋಪದಿಂದ' ಎಂಬ ಮಾತಿತ್ತು. ಅಚ್ಚಿಗೆ ಕೊಡುವ ಮೊದಲು ನನಗೇ ತಂದು ತೋರಿಸಿದರು, ಪಾಪ. ಬೇರೆ ಸಾಕ್ಷಿಯಿದ್ದರೆ ಶುಕ್ರವಾರದೊಳಗೆ ಕೊಡಿ, ಇಲ್ಲದಿದ್ದರೆ ನನಗೆ ವರದಿಯೇ ಗತಿ ಎಂದರು.

ಪ್ಲೇಟನ್ನು ಅರವತ್ತೆರಡರಲ್ಲಿ ಹೊಸದಾಗಿ ಹಾಕಿದ್ದು, ವರದಿಯಲ್ಲೇ ಇದೆ. ಮೊದಲ ಸಲ ಬಿಚ್ಚಿದ್ದು ಅರವತ್ಮೂರರಲ್ಲಿ. ಎಪ್ಪತ್ತರಲ್ಲೂ ಬಿಚ್ಚಿದ್ದರೆ ಎಂಟು ಚುಕ್ಕೆ. ಬಿಚ್ಚದಿದ್ದರೆ ಏಳು.

ಜಿಲ್ಲೆಯ ರೈಲ್ವೆ ಉಗ್ರಾಣ ಖಾಲಿ ಮಾಡಿದಾಗ ಬಂದ ಹನ್ನೊಂದು ಮರದ ಪೆಟ್ಟಿಗೆಗಳು ಗೋದಾಮಿನ ಹಿಂದೆ ಬಿದ್ದಿದ್ದವು. ವಿಚಾರಣೆ ಮುಗಿದ ಸಾಮಾನನ್ನು ಹಿಂದೆ ಅಲ್ಲೇ ಎಸೆಯುತ್ತಿದ್ದರು. ಪ್ರದರ್ಶನದ ಮಾತು ಬಂದಾಗಿನಿಂದ ಒಂದೊಂದೇ ತೆಗೆಯುತ್ತಿದ್ದೆ. ಚಿಕ್ಕಪ್ಪ ಸಹಾಯಕ್ಕೆ ಬರುತ್ತಿದ್ದ, ಆದರೆ ಯಾವತ್ತೂ ಇಲ್ಲದ ಮೈಗಳ್ಳತನ. ಆ ಪೆಟ್ಟಿಗೆ ಗೆದ್ದಲು ಹಿಡಿದಿದೆ ಬಿಡು, ಇದರಲ್ಲಿ ಬರೀ ಲಾಟೀನಿದೆ ಬಿಡು. ಗುರುವಾರ ಬೆಳಿಗ್ಗೆ, ಅವನು ಹೊರಗೆ ಮರದ ಬೆಣೆ ಸೀಳುತ್ತಿದ್ದಾಗ, ಒಂಬತ್ತನೆಯ ಪೆಟ್ಟಿಗೆಯ ತಳದಲ್ಲಿ ಅರ್ಧ ಪ್ಲೇಟು ಸಿಕ್ಕಿತು. ಬಿಳಿ ಬಣ್ಣದಲ್ಲಿ ಒಂದು ವೃತ್ತ, ಅದರೊಳಗೆ ನಾಲ್ಕು. ವರದಿಯಲ್ಲಿ ಮುರಿದ ಪ್ಲೇಟು 'ನಾಲ್ಕನೆಯ ಸಾಕ್ಷಿ'.

ಬಿಳಿ ಬಣ್ಣವನ್ನಷ್ಟೇ ನಂಬುವುದು ನನ್ನ ಕಸುಬಿನ ರೀತಿಯಲ್ಲ. ಹೊರಮೈಯ ಅಚ್ಚು ತೆಗೆದೆ. ಕಾರ್ಖಾನೆಯ ಹೆಸರಿನ ಮೂರು ಅಕ್ಷರ, ಮುಂದಿನದು ಅರ್ಧಕ್ಕೆ ತುಂಡು. ವರದಿಯಲ್ಲಿ ಮುರಿದ ಅಂಚಿನ ಒಂದು ಚಿತ್ರವಿದೆ, ಅಳತೆಗೆ ಸರಿಯಾಗಿ ಬರೆದದ್ದು. ನನ್ನ ಕಾಗದವನ್ನು ಅದರ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಒಂದರ ಏರಿಳಿತದ ಮೇಲೆ ಇನ್ನೊಂದು ಕೂದಲೆಳೆಯಷ್ಟೂ ತಪ್ಪದೆ ಕೂತಿತು.

ಒಳಮೈಯ ಗ್ರೀಸು ಡಾಂಬರಾಗಿತ್ತು. ಸೀಮೆಎಣ್ಣೆ ಸುರಿದು ಒಂದು ಗಂಟೆ ಬಿಟ್ಟು, ಮರದ ಚಕ್ಕೆಯಿಂದ ಕೆರೆದು, ಬಟ್ಟೆಯಿಂದ ಒರೆಸಿದೆ. ಮತ್ತೆ ಒರೆಸಿದೆ. ಒಂದು ಚುಕ್ಕೆಯೂ ಇರಲಿಲ್ಲ. ಏಳೂ ಇಲ್ಲ, ಎಂಟೂ ಇಲ್ಲ, ಬರಿದಾದ ನುಣುಪು ಉಕ್ಕು. ಎಂಟು ವರ್ಷದಲ್ಲಿ ಒಮ್ಮೆಯೂ ಇದನ್ನು ಬಿಚ್ಚಿಯೇ ಇರಲಿಲ್ಲವೇ? ಸ್ಟೂಲಿನ ಮೇಲೆ ಕೂತೆ. ಮೇಜಿನ ಮೇಲಿಂದ ಬೀಳದಿರಲೆಂದು ಪ್ಲೇಟನ್ನು ಹಿಂದಕ್ಕೆ ಸರಿಸಿದಾಗ ಅದು ಸ್ವಲ್ಪ ತಿರುಗಿತು. ಕಿಟಕಿಯ ಬೆಳಕು ಮುರಿದ ಅಂಚಿನ ಮೇಲೆ ಬಿತ್ತು.

ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಅರ್ಧಚಂದ್ರಗಳು. ಇಲಿ ಕಡಿದ ಹಾಗೆ. ಭೂತಗನ್ನಡಿ ಹಿಡಿದು ಕೆಳಗಿನಿಂದ ಎಣಿಸಿದೆ. ಮೇಲಿನಿಂದ ಎಣಿಸಿದೆ. ಕಾಗದವನ್ನು ಅಂಚಿಗೆ ಸುತ್ತಿ ಅಚ್ಚು ತೆಗೆದು, ಕಾಗದದ ಮೇಲೆ ಪೆನ್ಸಿಲ್ಲು ಊರಿ ಎಣಿಸಿದೆ. ಎಂಟು.

ನಾನು ನಕ್ಕೆನೋ ಅತ್ತೆನೋ ತಿಳಿಯದು. ಚಿಕ್ಕಪ್ಪನನ್ನು ಕೂಗಿದೆ. ಅವನು ಮಚ್ಚು ಬದಿಗಿಟ್ಟು, ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತ ಬಂದ. ಎಂಟಿದೆ, ಬಿಚ್ಚಿದ್ದರು, ವರದಿ ಸುಳ್ಳು ಎಂದು ಒಂದೇ ಉಸಿರಿಗೆ ಹೇಳಿದೆ. ಅವನು ಎಣಿಸಲಿಲ್ಲ. ಪ್ಲೇಟನ್ನು ಎತ್ತಿಕೊಂಡು, ಮುರಿದ ಅಂಚಿನ ಮೇಲೆ ಹೆಬ್ಬೆರಳ ಉಗುರನ್ನು ನಿಧಾನವಾಗಿ ಎಳೆದ. ಉಗುರು ಒಂದೊಂದು ಗುಣಿಯಲ್ಲೂ ತಡೆದು ತಡೆದು ಹೋಯಿತು.

"ಎಂಟಿದೆ ಅಂತ ನನಗೆ ಗೊತ್ತು," ಎಂದ. "ಎಂಟನೇದು ಹೊಡೆದೋನು ನಾನೇ. ಎಷ್ಟಿದೆ ಅಂತ ನೋಡಿದೆ ನೀನು. ಎಲ್ಲಿದೆ ಅಂತ ನೋಡು."

ನೋಡಿದೆ. ಬಿರುಕು ಚುಕ್ಕೆಗಳ ಪಕ್ಕದಲ್ಲಿ ಹೋಗಿರಲಿಲ್ಲ. ಒಂದರಿಂದ ಒಂದಕ್ಕೆ, ಎಂಟರ ನಟ್ಟನಡುವೆ ಸೀಳಿಕೊಂಡು ಹೋಗಿತ್ತು. ಅಂಚೆಚೀಟಿಯ ಹಾಳೆಯಲ್ಲಿ ಸಾಲು ತೂತು ಇರುತ್ತವಲ್ಲ, ಹರಿಯಲು ಸುಲಭವಾಗಲೆಂದು, ಹಾಗೆ. ಪ್ರತಿ ಚಕ್ರ ದಾಟುವಾಗಲೂ ಪ್ಲೇಟು ಒಂದಿಷ್ಟೇ ಬಾಗುತ್ತದೆ. ಬಾಗುವ ಉಕ್ಕು ಎಲ್ಲಿ ಗಾಯವಿದೆಯೋ ಅಲ್ಲಿಂದ ಬಾಯಿ ಬಿಡುತ್ತದೆ. ಎಂಟನೆಯ ಏಟಿನ ನಂತರ ಬಾಯಿ ಬಿಟ್ಟ ಬಿರುಕಿಗೆ ತುಕ್ಕು ಹಿಡಿಯಲು ನಾಲ್ಕು ತಿಂಗಳೇ ಸಾಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಬೇರೆ ಯಾರ ಪ್ಲೇಟಾಗಿದ್ದರೂ ಮೊದಲ ನೋಟಕ್ಕೇ ಹೇಳಿರುತ್ತಿದ್ದೆ.

ಚಿಕ್ಕಪ್ಪ ಹೆಚ್ಚೇನೂ ತಡವರಿಸದೆ ಹೇಳಿದ, ನಲವತ್ತೈದು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡವನ ಹಾಗೆ. ಅಪ್ಪನಿಗೆ ತಿಳಿದದ್ದು ವಿಚಾರಣೆಯ ದಿನವೇ. ಮುರಿದ ಪ್ಲೇಟು ಮೇಜಿನ ಮೇಲಿತ್ತು, ಗ್ರೀಸಿನ ಕೆಳಗೆ ಸಾಲಾಗಿ ಅರ್ಧ ಗುಣಿಗಳು. ಅಧಿಕಾರಿಗಳು ತುಕ್ಕನ್ನು ನೋಡಿದರು, ಗುಣಿಗಳನ್ನು ನೋಡಲಿಲ್ಲ. ಅವು ಏನೆಂದು ತಿಳಿದವರು ಆ ಕೋಣೆಯಲ್ಲಿ ಇಬ್ಬರೇ. ಹೊರಗೆ ಬಂದ ಮೇಲೆ ಅಪ್ಪ ಅವನಿಗೆ ಒಂದೇ ಮಾತು ಹೇಳಿದರಂತೆ: ಪಂಚ್ ಹಿಡಿದವನ ಹೆಸರು ಯಾರೂ ಕೇಳುವುದಿಲ್ಲ, ನೀನೂ ಹೇಳಬೇಡ. ಬಿಚ್ಚಿದ್ದಕ್ಕೆ ಅಪ್ಪನ ಹತ್ತಿರ ಇದ್ದ ಸಾಕ್ಷಿ ಆ ಎಂಟು ಚುಕ್ಕೆ ಮಾತ್ರ. ಮುರಿದದ್ದಕ್ಕೆ ಕಾರಣವೂ ಅವೇ.

"ಕೆಲಸ ಹೋದ ಮೇಲೂ ನಿಮ್ಮಪ್ಪ ಲೈನ್ ಮೇಲೆ ಓಡಾಡ್ತಿದ್ರಲ್ಲ, ನೆನಪಿದೆಯಾ?"

ನೆನಪಿತ್ತು. ತಲೆ ಕೆಟ್ಟಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅಮ್ಮನೂ ಹಾಗೇ ಅಂದುಕೊಂಡು ಅಳುತ್ತಿದ್ದರು.

ಆರು ಮೈಲಿಯ ಪ್ರತಿ ಪ್ಲೇಟಿನಲ್ಲೂ ಚುಕ್ಕೆಗಳಿದ್ದವು. ಅಪ್ಪ ಚಿಕ್ಕ ಸುತ್ತಿಗೆಯಿಂದ ಒಂದೊಂದನ್ನೂ ಬಡಿದು ಶಬ್ದ ಕೇಳುತ್ತ ನಡೆಯುತ್ತಿದ್ದರಂತೆ. ಶಬ್ದ ಒಡಕಾದದ್ದನ್ನು ಚಿಕ್ಕಪ್ಪನಿಗೆ ತೋರಿಸುವುದು, ಗ್ಯಾಂಗು ಅದನ್ನು ತೆಗೆದು ಗುಜರಿಗೆ ಹಾಕುವುದು. ಗಟ್ಟಿಯಿದ್ದವನ್ನು ಎರಡು ವರ್ಷ ಸ್ವಲ್ಪ ಸ್ವಲ್ಪವಾಗಿ ಕಿತ್ತು, ಬಂಡಿಗಳು ತೆವಳಿಕೊಂಡು ಹೋಗುವ ಯಾರ್ಡಿನ ಸೈಡಿಂಗುಗಳಿಗೆ ಹಾಕಿ, ಅಲ್ಲಿನ ಒಳ್ಳೆಯ ಪ್ಲೇಟುಗಳನ್ನು ಮೇನ್ ಲೈನಿಗೆ ತಂದರು. ಪಂಚನ್ನು ಬಾವಿಗೆ ಹಾಕಿದರು. ಕಾಗದದಲ್ಲಿ ಇದ್ಯಾವುದೂ ಇಲ್ಲ.

ಯಾರ್ಡು. ಆ ಮಾತು ನನ್ನ ಕಿವಿಗೆ ಬಿದ್ದು, ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಲೈನನ್ನು ಕಿತ್ತಾಗ ನಮ್ಮ ಸಂಘ ಕೊಂಡದ್ದು ಯಾರ್ಡಿನ ಸೈಡಿಂಗುಗಳ ಸಾಮಾನನ್ನು. ಕಡಿಮೆ ಸವೆದದ್ದು ಅದೇ ಎಂದು ಆರಿಸಿ ಹೇಳಿದವಳು ನಾನು. ಚುಕ್ಕೆಯಿದ್ದವನ್ನು ಹುಡುಕಿ ಹುಡುಕಿ ಮೇನ್ ಲೈನಿಗೆ ಕಳಿಸಿದವಳೂ ನಾನು.

"ಆರು ವರ್ಷ ಆ ಬಂಡೀಲಿ ಮಕ್ಕಳನ್ನ ಕೂರಿಸಿ ಓಡಿಸಿದ್ವಿ," ಎಂದೆ. "ನೀನು ನೋಡ್ತಾ ಇದ್ದೆ."

"ನಡೀತಾ ಇದ್ನಲ್ಲಮ್ಮ. ಶನಿವಾರ ಶನಿವಾರ."

"ಒಳಮೈ ಹೊರಗಿಂದ ಕಾಣುತ್ತಾ, ಚಿಕ್ಕಪ್ಪ?"

ಅವನು ಪ್ಲೇಟನ್ನು ಮೇಜಿನ ಮೇಲೆ ಶಬ್ದವಾಗದಂತೆ ಇಟ್ಟ. ನಿಧಾನ ಓಡುವ ಬಂಡಿ, ತಾಳುತ್ತದೆ ಅಂದುಕೊಂಡೆ ಎಂದ. ಆಮೇಲೆ, ನಿಮ್ಮಪ್ಪನಿಗೆ ಕೊಟ್ಟ ಮಾತು ಎಂದ.

ಮೇಷ್ಟ್ರ ಮನೆಗೆ ನಾನೊಬ್ಬಳೇ ಹೋದೆ. ಕಾರ್ಡುಗಳ ಡಬ್ಬವನ್ನೂ ಎತ್ತಿಕೊಂಡು ಹೋಗಿದ್ದೆ. ಅವರು ಅಚ್ಚುಕಾಗದವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಭಾನುವಾರ ಒಂದು ಶಾಲೆಯ ಎರಡು ತರಗತಿಯ ಮಕ್ಕಳು ಬರುವವರಿದ್ದರು. ಬಂಡಿ ಬೇಡ ಎಂದು ನಾನು ಹೇಳುವ ಮೊದಲೇ ಅವರು ಫೋನಿನ ಪುಸ್ತಕ ಹುಡುಕತೊಡಗಿದರು. ಬೈಸಿಕೊಳ್ಳುವುದು ತಮಗೆ ಅಭ್ಯಾಸ, ಮೂವತ್ತು ವರ್ಷದಲ್ಲಿ ಹತ್ತು ಹೆಡ್‌ಮಾಸ್ಟರನ್ನು ಕಂಡವರು ತಾವು ಎಂದು ನಗಿಸಲು ನೋಡಿದರು. ನೀಲಿ ಗೆರೆಯ ಕಾರ್ಡುಗಳನ್ನು ಇಬ್ಬರೂ ಸೇರಿ ಬೇರೆ ಮಾಡಿದೆವು. ಯಾವ ಪ್ಲೇಟು ಯಾವ ಜೋಡಣೆಯಲ್ಲಿದೆ ಎಂದು ಪ್ರತಿಯೊಂದರಲ್ಲೂ ಬರೆದಿದ್ದೆ. ನೂರ ಹನ್ನೆರಡು ಜೋಡಣೆ.

ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಮೇಷ್ಟ್ರು ಫಲಕದ ಮಾತೆತ್ತಿದರು. "ಪ್ಲೇಟುಗಳನ್ನ ಹೇಗೂ ತೆಗೀತೀವಿ. ಫಲಕದಲ್ಲಿ, ಎಂಟು ಗುರುತು ಸಿಕ್ಕಿವೆ, ಮೇಸ್ತ್ರಿ ಪ್ಲೇಟು ಬಿಚ್ಚಿದ್ರು, ವರದಿ ತಪ್ಪು ಅಂತ ಇಷ್ಟೇ ಬರೆಯೋಣ. ಅದೂ ನಿಜಾನೇ ತಾನೆ?"

ನಾಳೆ ಹೇಳುತ್ತೇನೆ ಎಂದೆ. ನಿಜವಾಗಿ ಅಲ್ಲೇ ಒಪ್ಪಿಕೊಳ್ಳುವ ಮನಸ್ಸಿತ್ತು. ಈ ವಾಕ್ಯಕ್ಕಾಗಿಯೇ ಅಲ್ಲವೇ ಹನ್ನೊಂದು ಪೆಟ್ಟಿಗೆ ಮಗುಚಿದ್ದು.

ಅಮ್ಮ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಎಂಬತ್ತಕ್ಕೆ ಒಂದು ಕಮ್ಮಿ. ಒಂದು ಕಿವಿ ಕೇಳುವುದಿಲ್ಲ, ಇನ್ನೊಂದು ಬೇಕಾದ್ದನ್ನಷ್ಟೇ ಕೇಳುತ್ತದೆ. ಕೇಳುವ ಕಿವಿಯ ಕಡೆ ಕೂತೆ.

"ಸಿಕ್ಕಿತಾ?"

"ಸಿಕ್ಕಿತು."

"ಬಿಚ್ಚಿದ್ರಾ?"

"ಬಿಚ್ಚಿದ್ರು, ಅಮ್ಮ. ಎಂಟಿದೆ."

ಅಮ್ಮ ಕಣ್ಣು ಮುಚ್ಚಿಕೊಂಡರು. ಕೈಯಲ್ಲಿದ್ದ ಟವೆಲನ್ನು ಮಡಿಸಿದ್ದರೂ ಬಿಚ್ಚಿ ಇನ್ನೊಮ್ಮೆ ಮಡಿಸಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಮ್ಮ ನನ್ನ ಮುಖ ನೋಡಿ, ಮತ್ಯಾಕೆ ಹೀಗಿದ್ದೀಯ ಎಂದು ಕೇಳಿದರು. ಹೇಳಿದೆ. ಅಂಚಿನ ಅರ್ಧಚಂದ್ರಗಳಿಂದ ಹಿಡಿದು ಬಾವಿಗೆ ಬಿದ್ದ ಪಂಚಿನವರೆಗೆ, ಚಿಕ್ಕಪ್ಪ ಹೇಳಿದ ಕ್ರಮದಲ್ಲೇ.

"ಇಪ್ಪತ್ತೇಳು ವರ್ಷ," ಎಂದರು ಅಮ್ಮ. "ಒಂದೇ ತಟ್ಟೇಲಿ ಉಂಡ ಹಾಗೆ ಇದ್ವಿ. ನನಗೆ ಹೇಳಬಹುದಿತ್ತು."

ಆಮೇಲೆ ನನಗೆ ಗೊತ್ತಿರದ ಒಂದು ವಿಷಯ ಹೇಳಿದರು. ವರದಿ ಬಂದ ವಾರ ಅವರು ಫೈರ್‌ಮನ್ನಿನ ಹೆಂಡತಿಯ ಬಾಗಿಲಿಗೆ ಹೋಗಿದ್ದರಂತೆ. ನಮ್ಮವರು ಪ್ಲೇಟು ಬಿಚ್ಚಿದ್ದರು, ತಪ್ಪು ಅವರದಲ್ಲ, ನಿನ್ನ ಗಂಡನ ಸಾವಿಗೆ ನಮ್ಮನೆ ಬಾಗಿಲು ತೋರಿಸಬೇಡ ಎಂದು ಇಡೀ ಸಾಲು ಕೇಳುವಂತೆ ಹೇಳಿ ಬಂದಿದ್ದರಂತೆ. ಅವಳು ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು.

ಮೇಷ್ಟ್ರು ಸೂಚಿಸಿದ ವಾಕ್ಯವನ್ನು ಅಮ್ಮನಿಗೆ ಹೇಳಿದೆ. ಅಮ್ಮ ಅದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು.

"ಅಷ್ಟೇ ಬರೆದ್ರೆ, ನಾನು ಅವತ್ತು ಅವಳ ಬಾಗಿಲಲ್ಲಿ ನಿಂತು ಹೇಳಿದ್ದನ್ನೇ ಬರೆದ ಹಾಗೆ," ಎಂದು ಬಟ್ಟೆಯ ಗಂಟನ್ನು ಪಕ್ಕಕ್ಕೆ ಸರಿಸಿದರು.

ಭಾನುವಾರ ಬಂಡಿ ಓಡಲಿಲ್ಲ. ಸಂಘದ ಹತ್ತು ಹನ್ನೆರಡು ಜನ ಸ್ಪ್ಯಾನರು ಹಿಡಿದು, ನನ್ನ ಪಟ್ಟಿಯ ಮೊದಲ ಜೋಡಣೆಯಿಂದ ಬಿಚ್ಚುತ್ತ ಬಂದೆವು. ಚಿಕ್ಕಪ್ಪನಿಗೆ ಯಾರೂ ಹೇಳಿಕಳಿಸಿರಲಿಲ್ಲ, ತಾನೇ ಬಂದಿದ್ದ. ಬಗ್ಗಲಾರ, ಆದ್ದರಿಂದ ಹಳಿಯ ಪಕ್ಕ ಒಂದು ಡಬ್ಬದ ಮೇಲೆ ಕೂತು, ಬಿಚ್ಚಿದ ಪ್ಲೇಟುಗಳನ್ನು ತೊಡೆಯ ಮೇಲಿಟ್ಟು ಒರೆಸಿ, ಚುಕ್ಕೆಗಳ ಮೇಲೆ ಉಗುರು ಎಳೆದು ನೋಡುತ್ತಿದ್ದ. ಕಾರಣ ಎಲ್ಲರಿಗೂ ತಿಳಿದಿತ್ತು, ನಾನೇ ಹೇಳಿದ್ದೆ. ಒಂದಿಬ್ಬರು ಅವನತ್ತ ನೋಡದೆ ಪ್ಲೇಟು ಕೊಟ್ಟು ಹೋಗುತ್ತಿದ್ದರು. ಅವನು ಮುಂದಿನದಕ್ಕೆ ಕೈ ಚಾಚುತ್ತಿದ್ದ. ಮೂವತ್ತನಾಲ್ಕನೆಯ ಜೋಡಣೆಯ ಪ್ಲೇಟಿನಲ್ಲಿ ಅವನ ಉಗುರು ನಿಂತಿತು. ಭೂತಗನ್ನಡಿ ತಂದು ನೋಡಿದೆ. ಮೂರನೆಯ ಚುಕ್ಕೆಯಿಂದ ನಾಲ್ಕನೆಯದಕ್ಕೆ ಒಂದು ಕಪ್ಪು ಎಳೆ, ಹುಡುಕದಿದ್ದರೆ ಕಾಣದಷ್ಟು ಸಣ್ಣದು. ಅದನ್ನು ಬೇರೆ ಇಟ್ಟೆವು.

ಮಧ್ಯಾಹ್ನ ಮೇಷ್ಟ್ರು ಫಲಕದ ಕರಡು ಹಿಡಿದು ಕಲ್ಲುಚೂರುಗಳ ಮೇಲೆ ಜಾಗ್ರತೆಯಾಗಿ ಕಾಲಿಡುತ್ತ ಬಂದರು. ಅಚ್ಚಿನವನನ್ನು ಸೋಮವಾರದವರೆಗೆ ತಡೆಹಿಡಿದಿದ್ದರು. ಗ್ರೀಸಿನ ಕೈಯಲ್ಲೇ ಪೆನ್ನು ಹಿಡಿದು, 'ಮೇಸ್ತ್ರಿಯ ಕರ್ತವ್ಯಲೋಪದಿಂದ' ಎಂಬುದನ್ನು ಹೊಡೆದು ಹಾಕಿ, ಹಾಳೆಯ ಕೆಳಗೆ ಬರೆದೆ:

'ಆ ವರ್ಷವೂ ಪ್ಲೇಟನ್ನು ಬಿಚ್ಚಲಾಗಿತ್ತು. ಬಿಚ್ಚಿದ್ದಕ್ಕೆ ಗುರುತಾಗಿ ವರ್ಷವರ್ಷವೂ ಹೊಡೆದ ಚುಕ್ಕೆಗಳಿಂದಲೇ ಅದು ಸೀಳಿತು. ಚುಕ್ಕೆ ಹೊಡೆಯುವ ಪದ್ಧತಿ ಮೇಸ್ತ್ರಿಯದು. ಆತ ನನ್ನ ತಂದೆ. ಅವರಿಗೆ ಇದು ತಿಳಿದಿತ್ತು, ಹೇಳಲಿಲ್ಲ. ಅದೇ ಚುಕ್ಕೆಗಳ ಪ್ಲೇಟುಗಳನ್ನು ಆರಿಸಿ ಈ ಲೈನಿಗೆ ಹಾಕಿಸಿದವಳು ನಾನು.'

ಮೇಷ್ಟ್ರು ನಿಂತಲ್ಲೇ ಎರಡು ಸಲ ಓದಿದರು. ಕಡೆಯ ವಾಕ್ಯ ಬೇಕೇ ಎಂದು ಕೇಳಿದರು. ಬೇಕು ಎಂದೆ. ಪಂಚ್ ಹಿಡಿದವರು ಯಾರು ಎಂದು ಇದರಲ್ಲಿಲ್ಲವಲ್ಲ ಎಂದರು. ನಾನು ಡಬ್ಬದ ಮೇಲೆ ಕೂತವನ ಕಡೆ ನೋಡಿದೆ. ಅವನು ಕೇಳಿಸಿಕೊಂಡಿದ್ದ.

"ಹಾಕಿ ಮೇಷ್ಟ್ರೇ," ಎಂದ ಚಿಕ್ಕಪ್ಪ. "ಕೀಮನ್ ಅಂತ ಹಾಕಿ. ಇನ್ನೂ ಬದುಕಿದಾನೆ ಅಂತಾನೂ ಹಾಕಿ, ಯಾರಾದ್ರೂ ಕೇಳಬೇಕು ಅಂದ್ರೆ ಬಂದು ಕೇಳಲಿ."

ಮೇಷ್ಟ್ರು ಅದನ್ನೂ ಬರೆದುಕೊಂಡು, ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಯಾವ ಅಳತೆಯ ಸ್ಪ್ಯಾನರು ಬೇಕು ಎಂದು ಕೇಳಿದರು. ಮೂವತ್ತೈದನೆಯ ಜೋಡಣೆಯ ನಾಲ್ಕು ಬೋಲ್ಟೂ ತುಕ್ಕಿಗೆ ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು, ಅದು ಒಳಗಿಳಿಯುವವರೆಗೆ ಹಳಿಯ ಪಕ್ಕ ಕೂತೆವು.